ಹೆಗಲ ಮೇಲಿನ ಅಂಕಿ

ಹತ್ತರ ಘಾತ ಮೂರು ಎಷ್ಟೆಂದು ಕೇಳಿದರೆ ಅರ್ಧ ತರಗತಿ ಒಕ್ಕೊರಲಿನಿಂದ "ಮೂವತ್ತು ಸಾರ್" ಅನ್ನುತ್ತದೆ. ತಪ್ಪು ಮಕ್ಕಳದ್ದಲ್ಲ. ಹತ್ತರ ಹೆಗಲೇರಿ ಕೂತ ಆ ಪುಟ್ಟ ಅಂಕಿಗೆ ಅಷ್ಟು ದರ್ಪ ಇದ್ದೀತೆಂದು ಯಾರಿಗೆ ತಾನೇ ಅನ್ನಿಸುತ್ತದೆ?

ಪಾಠದಲ್ಲಿ ಸಾಮಾನ್ಯವಾಗಿ ಬರುವ ಉದಾಹರಣೆ ಸೂರ್ಯನ ದೂರ. ನಮ್ಮ ಚಿತ್ರದುರ್ಗದ ಬೇಸಿಗೆಯಲ್ಲಿ ಸೂರ್ಯ ದೂರ ಇದ್ದಾನೆ ಅಂದರೆ ಮಕ್ಕಳು ನಂಬುವುದಿಲ್ಲ. ಹಾಗಾಗಿ ನಾನು ನೇರ ಮಾರಿಕಣಿವೆಗೆ ಇಳಿಯುತ್ತೇನೆ.

1933ರಲ್ಲಿ ಕೋಡಿ ಬಿದ್ದ ಅಲ್ಲಿನ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಿರಿಯೂರಿನವರು ಜಾತ್ರೆಗೆ ಹೋದ ಹಾಗೆ ಹೋಗಿ ನೋಡಿಬಂದರು; ಹಿನ್ನೀರಿನ ಹೊಸದುರ್ಗದ ತೋಟದವರು ಮಾತ್ರ ತಲೆ ಮೇಲೆ ಕೈ ಹೊತ್ತು ಕೂತರು. ಅಂದಿನಿಂದ ಟಿಎಂಸಿ ಎಲ್ಲರ ಬಾಯಲ್ಲಿ.

"ಟಿಎಂಸಿ ಅಂದ್ರೇನ್ರೋ?"

"ನೀರು ಸಾರ್."

ಸಾವಿರ ಮಿಲಿಯನ್ ಘನ ಅಡಿ ಎಂದು ಬಿಡಿಸಿ, ಬೋರ್ಡಿನ ಮೇಲೆ 10³ × 10⁶ ಬರೆದರೆ, ಮೂರೂ ಆರೂ ಕೂಡಿ 10⁹. ಗುಣಿಸುವಾಗ ಘಾತಾಂಕ ಕೂಡಿಸಬೇಕೆಂಬ ಸೂತ್ರ ದಿನಪತ್ರಿಕೆಯಲ್ಲೇ ಕೂತಿತ್ತು! ಸಾಗರದ್ದು ಸುಮಾರು 30 ಟಿಎಂಸಿ, ಅಂದರೆ 3 × 10¹⁰ ಘನ ಅಡಿ. ಘನ ಅಡಿಗೆ 28 ಲೀಟರ್, ಹೆಚ್ಚುಕಡಿಮೆ ಎರಡು ಕೊಡ. ಒಟ್ಟು 6 × 10¹⁰ ಕೊಡ.

ಹೊಳಲ್ಕೆರೆ ಕಡೆಯ ಹುಡುಗಿಯೊಬ್ಬಳು ಎದ್ದಳು. "ನಮ್ ಬೀದಿ ನಲ್ಲೀಲಿ ನಾಕು ಕೊಡ ತುಂಬೋಷ್ಟರಲ್ಲಿ ನಿಂತೋಗುತ್ತೆ. ಅದನ್ನ ಹೆಂಗ್ ಬರೀಬೇಕು ಸಾರ್?"

4 × 10⁰ ಎಂದು ಬರೆದೆ. ಹತ್ತರ ಘಾತ ಸೊನ್ನೆ ಅಂದರೆ ಒಂದೇ ಯಾಕೆ ಎಂದು ಆ ದಿನ ಯಾರೂ ತಕರಾರು ತೆಗೆಯಲಿಲ್ಲ.

ನನಗಿಷ್ಟವಾದ ಲೆಕ್ಕ ಇನ್ನೊಂದಿದೆ. ಓಬವ್ವ ಒನಕೆ ಹಿಡಿದು ಸುಮಾರು 250 ವರ್ಷ: 2.5 × 10². ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿಟ್ಟಂತಿರುವ ಲಾವಾ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ: 2.5 × 10⁹. ಎರಡೂವರೆ ಅಲ್ಲೂ ಅದೇ, ಇಲ್ಲೂ ಅದೇ.

"ಏಳೇ ತಾನೇ ಸಾರ್ ಜಾಸ್ತಿ?" ಹಿಂದಿನ ಬೆಂಚು.

ಆ ಏಳು ಅಂದರೆ ಒಂದು ಕೋಟಿ ಪಟ್ಟು ಎಂದು ಸೊನ್ನೆಗಳನ್ನು ಒಂದೊಂದಾಗಿ ಇಳಿಸಿದೆ. ಲಾವಾ ನೀರಿನಡಿ ಉಕ್ಕಿ, ಥಟ್ಟನೆ ತಣಿದು ಹಾಗೆ ಉಂಡೆಗಟ್ಟಿತು, ಆಗ ಇಲ್ಲಿ ಸಮುದ್ರವಿತ್ತು ಎಂದೂ ಹೇಳಿದೆ. ಅದನ್ನು ಹೇಳಬಾರದಿತ್ತೇನೋ. ಸೊನ್ನೆಗಳನ್ನು ಬಿಟ್ಟು ಎಲ್ಲರೂ ಕಿಟಕಿಯಾಚೆಯ ಒಣ ಬಯಲನ್ನೇ ನೋಡತೊಡಗಿದರು.

"ಅಷ್ಟೂ ನೀರು ಎಲ್ಲಿಗ್ ಹೋಯ್ತು ಸಾರ್?"

ಸಮಾಜದ ಮೇಡಂ ಹೇಳುತ್ತಾರೆ ಎಂದು ಬೋರ್ಡ್ ಒರೆಸಿದೆ.