ಕೃತಿ ಬಿಡುಗಡೆಯ ಮೂಲ ಸ್ವರೂಪ: ಎಡನೀರು ಸೀಮೆಯ ಒಂದು ಶಾಸ್ತ್ರೀಯ ವಿಚಾರಣೆ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಚೆರ್ಕಳದಿಂದ ಬದಿಯಡ್ಕದ ಕಡೆಗೆ ಹೋಗುವ ಬಸ್ಸಿನವರಿಗೆ ಎಡನೀರು ಒಂದು ಸ್ಟಾಪು. ಕಾನೂನು ಓದಿದವರಿಗೆ ಅದು ಕ್ಷೇತ್ರ. 1970ರಲ್ಲಿ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1973ರ ಏಪ್ರಿಲ್ 24ರಂದು ತೀರ್ಪು ಬಂತು. ಸಂಸತ್ತು ಸಂವಿಧಾನದ ಯಾವ ವಿಧಿಯನ್ನು ಬೇಕಾದರೂ ತಿದ್ದಲಿ, ಮೂಲ ಸ್ವರೂಪಕ್ಕೆ ಮಾತ್ರ ಕೈ ಹಾಕಬಾರದು ಎಂದಿತು. ಅಲ್ಲಿಂದೀಚೆಗೆ ಈ ಸೂತ್ರವನ್ನು ದೇಶದ ದೊಡ್ಡ ದೊಡ್ಡ ವ್ಯಾಜ್ಯಗಳಿಗೆಲ್ಲ ಹಚ್ಚಿ ನೋಡಿದ್ದಾರೆ. ಸೂತ್ರ ಹುಟ್ಟಿದ ಮಣ್ಣಿನಲ್ಲೇ ಭಾನುವಾರ ಬಂದರೆ ಸಾಕು ನಡೆಯುವ ಕೃತಿ ಬಿಡುಗಡೆ ಸಮಾರಂಭಗಳಿಗೆ ಮಾತ್ರ ಯಾರೂ ಹಚ್ಚಲಿಲ್ಲ. ಈ ಲೋಪವನ್ನು ಸರಿಪಡಿಸುವುದು ಪ್ರಸ್ತುತ ಪ್ರಬಂಧದ ಪ್ರಯೋಜನ. ಅಧಿಕಾರಿಗಳು: ಆಮಂತ್ರಣ ಪತ್ರಿಕೆ ಸಿಕ್ಕಿಯೂ ಹೋಗದವರು.

ಮೊದಲು ಪೀಠ ವಿಚಾರ. ಕೇಶವಾನಂದ ಪ್ರಕರಣವನ್ನು ಕೇಳಲು 13 ನ್ಯಾಯಮೂರ್ತಿಗಳು ಕೂತರು. ಅಷ್ಟು ದೊಡ್ಡ ಪೀಠ ಅದಕ್ಕೆ ಮೊದಲು ಇರಲಿಲ್ಲ, ಅದಕ್ಕಿಂತ ದೊಡ್ಡದು ಆಮೇಲೂ ಕೂತಿಲ್ಲ. ದೆಹಲಿಯವರಿಗೆ ಅದು ದಾಖಲೆ. ನಮ್ಮಲ್ಲಿ ಚುಟುಕು ಸಂಕಲನದ ಬಿಡುಗಡೆಗೂ ವೇದಿಕೆಯಲ್ಲಿ ಅಷ್ಟು ಕುರ್ಚಿ ಬೇಕು. ಕಾರ್ಡಿನಲ್ಲಿ ಹೆಸರಿಲ್ಲದ ಹಿರಿಯರು ಬಂದುಬಿಟ್ಟರೆ ಎಂದು ಮತ್ತೆರಡನ್ನು ಬದಿಯಲ್ಲಿ ಮಡಚಿ ಇಟ್ಟಿರಬೇಕು. ಅಲ್ಲಿ 13 ಮಂದಿ ಸೇರಿ 11 ತೀರ್ಪು ಬರೆದರು, 68 ದಿನ ವಾದ ಕೇಳಿದ ಮೇಲೆ. ನಮ್ಮ ವೇದಿಕೆಯಲ್ಲೂ ಅಭಿಪ್ರಾಯಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಆದರೂ ಕೇಳುವ ಕಾಲವನ್ನು ಪೂರ್ತಿಯಾಗಿ ಉಳಿಸಿದ್ದೇವೆ. ಅರ್ಜಿದಾರ ಸ್ವಾಮೀಜಿಯೂ ಅವರ ಪರ ವಾದಿಸಿದ ನಾನಿ ಪಾಲ್ಖಿವಾಲಾ ಅವರೂ ಕೊನೆಯವರೆಗೂ ಮುಖತಾ ಭೇಟಿಯಾಗಲಿಲ್ಲವೆಂದು ಹೇಳುತ್ತಾರೆ. ಕೃತಿಗೂ ಕೃತಿ ಪರಿಚಯ ಮಾಡುವವರಿಗೂ ಇರುವ ಸಂಬಂಧ ಇದೇ ಜಾತಿಯದು.

ಇನ್ನು ಪೂರ್ವಪಕ್ಷ. 'ಸ್ವಾಮೀ, ಕೃತಿ ಬಿಡುಗಡೆಯ ಮೂಲ ಸ್ವರೂಪ ಕೃತಿಯೇ ಅಲ್ಲವೋ?' ಎಂದು ಎಳೆಯ ವಿದ್ವಾಂಸರು ಕೇಳುತ್ತಾರೆ. ಆಗಲಾರದು. ಅಚ್ಚಿನ ಮನೆಯಿಂದ ಪ್ರತಿಗಳು ಬಾರದೆ, ಬರೀ ಮುಖಪುಟವನ್ನು ಹಳೆಯ ಡೈರಿಗೆ ಸುತ್ತಿ ಬಿಡುಗಡೆ ಮಾಡಿದ ಸಮಾರಂಭಗಳಲ್ಲಿ ಶಾಲಿನಿಂದ ಹಿಡಿದು ಊಟದವರೆಗೆ ಒಂದಕ್ಕೂ ಕುಂದು ಬರಲಿಲ್ಲ. ಯಾವುದು ಇಲ್ಲದೆಯೂ ವಸ್ತು ತಾನಾಗಿ ನಿಲ್ಲುತ್ತದೋ ಅದು ಆ ವಸ್ತುವಿನ ಸ್ವರೂಪ ಆಗಲಾರದು. ತೋಟಕಾಚಾರ್ಯರ ಪರಂಪರೆಯ ಮಠ ಇರುವ ಊರಿನಲ್ಲಿ ಇಷ್ಟು ತರ್ಕವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಲೇಖಕ? ಮರಣೋತ್ತರ ಪ್ರಕಟಣೆಗಳು ಈ ವಾದವನ್ನು ಖಂಡಿಸುತ್ತವೆ. ಅಂಥ ಸಮಾರಂಭಗಳು ಹೊತ್ತಿಗೆ ಸರಿಯಾಗಿ ಮುಗಿಯುವುದನ್ನೂ ಗಮನಿಸಬೇಕು. ಓದುಗ? ಆ ಪದಾರ್ಥದ ಇರವನ್ನೇ ಮೊದಲು ಸಾಧಿಸಬೇಕಾಗಿದೆ. ಸಭೆಯಲ್ಲಿ ಇರುವವರು ಲೇಖಕರ ಭಾವಂದಿರು, ಅವರು ಕಲಿಸಿದ ಮಕ್ಕಳು, ಕಳೆದ ತಿಂಗಳು ಪುಸ್ತಕ ಬಿಡುಗಡೆ ಮಾಡಿದವರು ಮತ್ತು ಮುಂದಿನ ತಿಂಗಳು ಮಾಡಲಿರುವವರು. ಕೊನೆಯ ಎರಡು ವರ್ಗದವರ ನಡುವೆ ಇರುವುದು ಕೃಷಿಕರೊಳಗಿನ ಮುಯ್ಯಾಳಿನ ಲೆಕ್ಕ. ನಿಮ್ಮ ಗದ್ದೆಗೆ ನಾನು, ನನ್ನ ಗದ್ದೆಗೆ ನೀವು.

ಕಟ್ಟು ಬಿಚ್ಚುವ ವಿಧಿಯನ್ನು ಸ್ವಲ್ಪ ವಿಸ್ತರಿಸಬೇಕು, ಶಾಸ್ತ್ರ ಇರುವುದೇ ಅಲ್ಲಿ. ಹರಿವಾಣದಲ್ಲಿ ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿದ ಪೊಟ್ಟಣ ಬರುತ್ತದೆ. ರಿಬ್ಬನ್ನನ್ನು ಎಳೆದರೆ ಬಿಚ್ಚುವ ಹಾಗೆ ಕಟ್ಟಿದ್ದೇವೆಂದು ಹೇಳುತ್ತಾರೆ, ಎಳೆದರೆ ಬಿಗಿಯುತ್ತದೆ. ಮುಖ್ಯ ಅತಿಥಿ ನಗುತ್ತಾರೆ. ಅಧ್ಯಕ್ಷರು ಕೈ ಹಾಕುತ್ತಾರೆ. ನಿರೂಪಕರು 'ಜೋರಾದ ಚಪ್ಪಾಳೆ' ಎಂದು ಒಮ್ಮೆ ಹೇಳಿ, ಗಂಟು ಜಗ್ಗದಿರುವುದನ್ನು ಕಂಡು ಮತ್ತೊಮ್ಮೆ ಹೇಳುತ್ತಾರೆ. ಕೊನೆಗೆ ಎದುರಿನ ಸಾಲಿನಿಂದ ಒಬ್ಬರು ಅಡಿಕೆ ಸುಲಿಯುವ ಅನುಭವದ ಉಗುರಿನಿಂದ ಕಾರ್ಯ ಸಾಧಿಸುತ್ತಾರೆ. ಆಮೇಲೆ ವೇದಿಕೆಯಲ್ಲಿದ್ದ ಎಲ್ಲರೂ ಒಂದೊಂದು ಪ್ರತಿಯನ್ನು ಎದೆಯ ಮಟ್ಟದಲ್ಲಿ ಹಿಡಿದು ನಿಲ್ಲಬೇಕು. ತಲೆಕೆಳಗಾಗಿ ಹಿಡಿಯುವವರು ಒಬ್ಬರಾದರೂ ಇರುತ್ತಾರೆ, ಮರುದಿನ ಪತ್ರಿಕೆಯಲ್ಲಿ ಅವರ ಮುಖವೇ ಸ್ಪಷ್ಟವಾಗಿ ಬರುತ್ತದೆ. ಬಿಚ್ಚಿದ ಕಾಗದವನ್ನು ಎಲ್ಲಿ ಇಡಬೇಕೆಂಬುದು ಇಂದಿಗೂ ಬಗೆಹರಿಯದ ಪ್ರಶ್ನೆ.

ಇಲ್ಲಿ ತೌಲನಿಕ ಅಧ್ಯಯನ ಬೇಕೆಂದು ಮಾರ್ಗದರ್ಶಕರ ಒತ್ತಾಯ. ತುಲನೆಗೆ ಐರ್ಲೆಂಡ್ ತಕ್ಕ ದೇಶ. ಕಾರಣ ಸಾಹಿತ್ಯದಿಂದ ಬಂದದ್ದಲ್ಲ. ನಮ್ಮ ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ವಗಳಿಗೆ ಮಾದರಿ ಒದಗಿಸಿದ್ದು ಐರ್ಲೆಂಡಿನ 1937ರ ಸಂವಿಧಾನ. ಭೂಮಿ ಹಂಚುವ ಕಾನೂನುಗಳಿಗೆ ಬೆನ್ನು ಕೊಟ್ಟು ನಿಂತದ್ದು ಅದೇ ತತ್ವಗಳು. ಅವಕ್ಕೂ ಮೂಲಭೂತ ಹಕ್ಕುಗಳಿಗೂ ನಡೆದ ಜಟಾಪಟಿಯಲ್ಲೇ ಎಡನೀರಿನ ಹೆಸರು ಕಾನೂನು ಪುಸ್ತಕ ಸೇರಿತು. ಅಂದರೆ ಐರಿಷ್ ಕವಿಗಳು ಬರುವ ಮೊದಲೇ ಐರಿಷ್ ಕಾಯಿದೆ ನಮ್ಮ ಗುಡ್ಡೆ ಹತ್ತಿಯಾಗಿತ್ತು.

ಡಬ್ಲಿನ್ನಿನಲ್ಲಿ ಕೃತಿ ಬಿಡುಗಡೆ ಸಾಮಾನ್ಯವಾಗಿ ಪುಸ್ತಕದಂಗಡಿಯಲ್ಲಿ, ಸಂಜೆ, ನಿಂತುಕೊಂಡೇ. ಒಬ್ಬರು ನಾಲ್ಕು ಮಾತು ಹೇಳುತ್ತಾರೆ, ಲೇಖಕ ತನ್ನ ಪುಸ್ತಕದಿಂದ ಒಂದಷ್ಟು ಗಟ್ಟಿಯಾಗಿ ಓದುತ್ತಾನೆ, ಜನ ವೈನ್ ಕುಡಿದು ಪುಸ್ತಕ ಕೊಂಡು ಸಹಿ ಹಾಕಿಸಿಕೊಳ್ಳುತ್ತಾರೆ. ಅಧ್ಯಕ್ಷರಿಲ್ಲ, ಶುಭಾಶಂಸನೆ ಇಲ್ಲ, ಧನ್ಯವಾದಕ್ಕೆ ಬೇರೆ ಆಳಿಲ್ಲ. ಪುಸ್ತಕವನ್ನು ಸಭೆಯಲ್ಲಿ ಬಹಿರಂಗವಾಗಿ ತೆರೆದು ಓದುವ ಈ ಪದ್ಧತಿಯನ್ನು ನಮ್ಮ ಸೀಮೆಯ ಸಭ್ಯರು ಒಪ್ಪುವುದು ಕಷ್ಟ. ಕನ್ಯೆ ನೋಡಲು ಬಂದವರ ಎದುರೇ ಸಂಸಾರ ಸುರು ಮಾಡಿದ ಹಾಗಾಯಿತು.

ಆದರೂ ಆ ಪುಟ್ಟ ದೇಶಕ್ಕೆ ಸಾಹಿತ್ಯದ ನೊಬೆಲ್ ನಾಲ್ಕು ಸಲ ಬಂದಿದೆ: 1923ರಲ್ಲಿ ಯೇಟ್ಸ್, 1925ರದ್ದು ಷಾ, 1969ರಲ್ಲಿ ಬೆಕೆಟ್, 1995ರಲ್ಲಿ ಹೀನಿ. ಯೇಟ್ಸ್‌ಗೆ ಪತ್ರಿಕೆಯವರು ಸುದ್ದಿ ಮುಟ್ಟಿಸಿದಾಗ ಮೊತ್ತ ಎಷ್ಟೆಂದು ವಿಚಾರಿಸಿದರಂತೆ. ಷಾ ಗೌರವವನ್ನು ಇಟ್ಟುಕೊಂಡು ಹಣವನ್ನು ಸ್ವೀಡಿಷ್ ಸಾಹಿತ್ಯದ ಅನುವಾದಕ್ಕೆ ಬಿಟ್ಟುಕೊಟ್ಟರು. ನಮ್ಮ ಸೀಮೆಯಲ್ಲಿ ಈ ತೆರನ ಧರ್ಮಸಂಕಟ ಬರದಂತೆ ಪ್ರಶಸ್ತಿಗಳನ್ನು ಮೊದಲೇ ಹಣವಿಲ್ಲದೆ ರೂಪಿಸಲಾಗಿದೆ. ಬೆಕೆಟ್ ಸುದ್ದಿ ಹೊರಬಿದ್ದಾಗ ಟುನೀಷಿಯಾದಲ್ಲಿ ಅಡಗಿಕೊಂಡಿದ್ದರು, ಪ್ರಶಸ್ತಿ ತರಲು ಪ್ರಕಾಶಕರನ್ನು ಕಳಿಸಿದರು. ಸನ್ಮಾನಿತರೇ ಇಲ್ಲದ ಸನ್ಮಾನ! ಶಾಲು ಯಾರಿಗೆ ಹೊದೆಸುವುದು, ಪೇಟ ಯಾರ ತಲೆಯ ಅಳತೆಗೆ? ಅವರ ಪ್ರಸಿದ್ಧ ನಾಟಕದಲ್ಲಿ ಇಬ್ಬರು ಕಾಯುತ್ತಾರೆ, ಬರಬೇಕಾದವನು ಬರುವುದಿಲ್ಲ. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಹನ್ನೊಂದೂವರೆವರೆಗೆ ಕೂತ ನಮ್ಮವರಿಗೆ ಆ ನಾಟಕದ ಮೊದಲರ್ಧ ಪೂರ್ತಿ ಅರ್ಥವಾಗುತ್ತದೆ. ವ್ಯತ್ಯಾಸ ಇಷ್ಟೇ, ನಮ್ಮ ಉದ್ಘಾಟಕರು ಬಂದೇ ಬರುತ್ತಾರೆ, ಬಂದು ಮಾತನಾಡಿಯೂ ಮಾತನಾಡುತ್ತಾರೆ.

1969ರಲ್ಲೇ ಐರ್ಲೆಂಡ್ ಸರಕಾರ ಸಾಹಿತಿ ಕಲಾವಿದರ ಸೃಜನಶೀಲ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಟ್ಟಿತು. ಈಗ ಅದಕ್ಕೆ ವರ್ಷಕ್ಕೆ 50,000 ಯೂರೋದ ಮಿತಿ ಉಂಟು. ಕಾಸರಗೋಡಿನ ಕನ್ನಡ ಸಾಹಿತಿ ಯಾವ ಕಾಯಿದೆಯ ಹಂಗೂ ಇಲ್ಲದೆ, ಮಿತಿಯೂ ಇಲ್ಲದೆ, ಇದೇ ವಿನಾಯಿತಿಯನ್ನು ಮೊದಲಿನಿಂದ ಅನುಭವಿಸುತ್ತ ಬಂದಿದ್ದಾನೆ.

ಇನ್ನೊಂದು ಸಂಗತಿಯನ್ನು ಪ್ರಬಂಧಕಾರ ನಗೆ ತಡೆದು ಹೇಳಬೇಕಾಗಿದೆ. ಆ ದೇಶದ ಸಂವಿಧಾನದ ಪ್ರಕಾರ ಐರಿಷ್ ಭಾಷೆಯೇ ಮೊದಲ ಅಧಿಕೃತ ಭಾಷೆ. ನಾಲ್ಕು ನೊಬೆಲ್‌ಗಳಲ್ಲಿ ಆ ಭಾಷೆಗೆ ಬಂದದ್ದು ಒಂದೂ ಇಲ್ಲ. ಈ ಕಡೆ ನೋಡಿದರೆ, ಮಂಜೇಶ್ವರದ ಗೋವಿಂದ ಪೈಗಳನ್ನು ರಾಷ್ಟ್ರಕವಿಯೆಂದು 1949ರಲ್ಲಿ ಗೌರವಿಸಿದ್ದು ಮದರಾಸು ಸರಕಾರ. ಏಳು ವರ್ಷದಲ್ಲಿ ಕವಿಯ ಮನೆ ಕೇರಳಕ್ಕೆ ಸೇರಿತು, ಬಿರುದು ಮತ್ತು ಬರವಣಿಗೆ ಕನ್ನಡದಲ್ಲೇ ಉಳಿದವು. ಕಾರಡ್ಕದ ಕೆ.ವಿ. ತಿರುಮಲೇಶರಿಗೆ 'ಅಕ್ಷಯ ಕಾವ್ಯ'ಕ್ಕಾಗಿ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿದ್ದದ್ದು ಹೈದರಾಬಾದಿನಲ್ಲಿ. ಚಂದ್ರಗಿರಿಯ ತೀರವನ್ನು ಕಾದಂಬರಿಯಾಗಿಸಿದ ಸಾರಾ ಅಬೂಬಕ್ಕರ್ ಬದುಕು ಕಟ್ಟಿಕೊಂಡದ್ದು ಮಂಗಳೂರಿನಲ್ಲಿ. ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈಗಳು ಮಾತ್ರ ಊರು ಬಿಡದೆ ನೂರು ವರ್ಷ ತುಂಬಿಸಿ, ತಮ್ಮ ಮನೆ ಯಾವ ರಾಜ್ಯದಲ್ಲಿರಬೇಕೆಂಬ ಮೊಕದ್ದಮೆ ತೀರುವ ಮೊದಲೇ 2015ರಲ್ಲಿ ತೀರಿಕೊಂಡರು.

ಆ ಮೊಕದ್ದಮೆಯ ಕಾಗದವೇ ರಾಜ್ಯಗಳ ಗಡಿ ತಂಟೆ ಬಗೆಹರಿಸಲು ನೇಮಿಸಿದ ಮಹಾಜನ ಆಯೋಗದ ವರದಿ. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು 1967ರಲ್ಲಿ ಬರೆಯಿತು. ಬಿಡುಗಡೆಯಾಗಿಯೂ ಓದಿಸಿಕೊಳ್ಳದ ಕೃತಿಗಳ ಪಟ್ಟಿ ಮಾಡಿದರೆ ಈ ಸೀಮೆಯಲ್ಲಿ ಮೊದಲ ಸ್ಥಾನ ಅದಕ್ಕೆ ಸಲ್ಲಬೇಕು. ಅದರ ಮೇಲೆ ನಡೆದ ಭಾಷಣಗಳನ್ನು ನೋಡಿದರೆ ನಮ್ಮ ಕವನ ಸಂಕಲನಗಳ ಕೃತಿ ಪರಿಚಯಕಾರರು ಎಲ್ಲಿ ತರಬೇತಿ ಪಡೆದರೆಂಬುದು ತಿಳಿಯುತ್ತದೆ.

ಇಷ್ಟನ್ನು ಇಟ್ಟುಕೊಂಡು ಸಿದ್ಧಾಂತಕ್ಕೆ ಬರೋಣ. ಕೃತಿ ಬಿಡುಗಡೆಯ ಮೂಲ ಸ್ವರೂಪ ಹಾಜರಿ. ಸೀಮೆ ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಈ ಭಾಗದಲ್ಲಿ ಕನ್ನಡದ ಮೈಕು ಕೂಗಿದಲ್ಲೆಲ್ಲ ನಡೆಯುವುದು ತಲೆ ಎಣಿಸುವ ಕೆಲಸ. ಇಂಥ ದಿನ, ಇಂಥ ಸಭಾಭವನದಲ್ಲಿ, ಇಷ್ಟು ಮಂದಿ ಕನ್ನಡ ಮಾತಾಡಿದರು, ಇಷ್ಟು ಮಂದಿ ಕೇಳಿದರು ಎಂದು ಮರುದಿನ ಪತ್ರಿಕೆಯಲ್ಲಿ ಬರಬೇಕು. ಪುಸ್ತಕ ಅದಕ್ಕೆ ನೆವ. ಹಾಗಾಗಿಯೇ ಧನ್ಯವಾದ ಭಾಷಣದಲ್ಲಿ ಒಂದು ಹೆಸರು ಬಿಟ್ಟುಹೋದರೆ ಹತ್ತು ವರ್ಷದ ಮುನಿಸು. ಪುಸ್ತಕದಲ್ಲಿ ಹದಿನಾರು ಪುಟ ಬಿಟ್ಟುಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ತಪ್ಪಿದವನು ಸಿಟ್ಟಾಗದೆ ಇನ್ನೇನು ಮಾಡಿಯಾನು?

ಬೆಂಗಳೂರಿನಿಂದ ಬಂದ ಅತಿಥಿಗೆ ಇದು ತಿಳಿಯುವುದಿಲ್ಲ. 'ಗಡಿನಾಡಿನಲ್ಲಿ ಕನ್ನಡದ ಕಂಪು' ಎಂದು ಆರಂಭಿಸಿ, ನಿಮ್ಮ ಕನ್ನಡ ಎಷ್ಟು ಚೆಂದ ಎಂದು ಮೆಚ್ಚಿ, ರೈಲಿನ ಹೊತ್ತಾಯಿತೆಂದು ಹೊರಡುತ್ತಾರೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಹವ್ಯಕದಲ್ಲಿ ಅಡಿಕೆಯ ಧಾರಣೆ, ಬಾಗಿಲಿನ ಬಳಿ ತುಳುವಿನಲ್ಲಿ ಊಟದ ಲೆಕ್ಕ, ಮೈಕಿನವನ ಹತ್ತಿರ ಮಲಯಾಳದಲ್ಲಿ ಚೌಕಾಸಿ ನಡೆದಿರುತ್ತದೆ. ಪ್ರಾರ್ಥನೆ ಹಾಡಿದ್ದು ಲೇಖಕರ ಮೊಮ್ಮಗಳು. ಬಹಳ ಇಂಪಾಗಿ ಹಾಡಿದಳು. ಮೊಬೈಲಿನಲ್ಲಿ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದಳು.

ಪ್ರಬಂಧದ ಕೊನೆಯಲ್ಲಿ ಸಲಹೆ ಕೊಡಬೇಕೆಂಬುದು ವಿಶ್ವವಿದ್ಯಾನಿಲಯದ ನಿಯಮ. ಸಲಹೆ ಒಂದೇ, ಅದೂ ಎಡನೀರಿನದ್ದೇ. ಚಾತುರ್ಮಾಸ್ಯದ ದಿನಗಳಲ್ಲಿ ಮಠದಲ್ಲಿ ತಾಳಮದ್ದಳೆ ಕೇಳಿದವರಿಗೆ ಗೊತ್ತಿದೆ, ನಮ್ಮ ಜನ ಮಾತಿಗೆ ಬೇಸರಪಡುವವರಲ್ಲ. ಕೃಷ್ಣನೂ ಕೌರವನೂ ಗಂಟೆಗಟ್ಟಲೆ ವಾದಿಸಿದರೂ ಕಣ್ಣು ಮಿಟುಕಿಸದೆ ಕೂರುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ, ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಶೇಣಿ, ಎರಡೂ ಇದೇ ಜಿಲ್ಲೆಯಲ್ಲಿವೆ. ಇಲ್ಲಿಯ ಕಿವಿ ಪಳಗಿದ ಕಿವಿ. ಅದೇ ಕಿವಿ ಶುಭಾಶಂಸನೆಗೆ ಏಕೆ ಆಕಳಿಸುತ್ತದೆ? ಪ್ರಬಂಧಕಾರನ ದೃಷ್ಟಿಯಲ್ಲಿ ಕಾರಣ ಸ್ಪಷ್ಟ. ತಾಳಮದ್ದಳೆಯಲ್ಲಿ ಅರ್ಥ ಹೇಳುವವನಿಗೆ ಎದುರಾಳಿ ಇರುತ್ತಾನೆ, ತಪ್ಪಿದರೆ ಅಲ್ಲೇ ಹಿಡಿಯುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಭಾಗವತರು ಇರುತ್ತಾರೆ. ಮಾತು ಅತಿಯಾಯಿತೆಂದು ಕಂಡರೆ ಮುಂದಿನ ಪದ್ಯ ಎತ್ತಿಬಿಡುತ್ತಾರೆ, ಮದ್ದಳೆ ಕೂಡಿಕೊಳ್ಳುತ್ತದೆ, ದುರ್ಯೋಧನನೇ ಆದರೂ ಬಾಯಿ ಮುಚ್ಚಬೇಕು. ಆದ್ದರಿಂದ ಇನ್ನು ಮುಂದೆ ಕೃತಿ ಬಿಡುಗಡೆಗಳಲ್ಲಿ ವೇದಿಕೆಯ ಬಲಬದಿಗೆ ಒಬ್ಬ ಭಾಗವತರು ಮತ್ತು ಮದ್ದಳೆಗಾರರು ಕಡ್ಡಾಯವಾಗಿ ಇರತಕ್ಕದ್ದು. ಪ್ರತಿ ಭಾಷಣಕಾರನಿಗೆ ಒಂದು ಪದ್ಯದ ಅವಧಿ, ಪದ್ಯವನ್ನು ಬಿಡುಗಡೆಯಾಗುವ ಕೃತಿಯಿಂದಲೇ ಆರಿಸತಕ್ಕದ್ದು. ಹಾಗಾದರೆ ಪುಸ್ತಕದಿಂದ ಒಂದೆರಡು ಸಾಲಾದರೂ ಸಭೆಯ ಕಿವಿಗೆ ಬೀಳುವ ಐರಿಷ್ ಲಾಭವೂ ದಕ್ಕುತ್ತದೆ.

ಈ ಸಲಹೆಯನ್ನು ಸೀಮೆಯ ಹಿರಿಯ ಭಾಷಣಕಾರರೊಬ್ಬರ ಮುಂದೆ ಇಡಲಾಯಿತು. ಐವತ್ತು ವರ್ಷ ಅಧ್ಯಕ್ಷ ಭಾಷಣ ಮಾಡಿದವರು. ಕವಳದ ತಟ್ಟೆಯನ್ನು ಬದಿಗೆ ಸರಿಸಿ, ಪೂರ್ತಿ ಕೇಳಿ, 'ಒಳ್ಳೆ ಯೋಚನೆ ಮಾರಾಯರೆ' ಎಂದರು. ಆಮೇಲೆ ಹೇಳಿದರು: 'ಭಾಗವತರು ಪದ ಎತ್ತಲಿ. ಅದಕ್ಕೂ ಅರ್ಥ ಹೇಳುವ.'