ಹಸಿರು ಟಿಕ್‌ನ ಹುಡುಗ

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಂಪನಿಗೆ ಹೋದರೂ ಈ ಹುಡುಗ ಸಿಗುತ್ತಾನೆ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ; ಶುಕ್ರವಾರ ಮಧ್ಯಾಹ್ನ ಅವನ ಕ್ಯಾಲೆಂಡರಿನಲ್ಲಿ ‘ಬ್ಯುಸಿ’. ಊಟದ ಹೊತ್ತಲ್ಲಿ ಜೊತೆಯವರು ರೀಲ್ಸ್ ನೋಡಿದರೆ ಇವನು ಸಿಮೆಂಟ್ ಕಂಪನಿಯ ಸಾಲ ನೋಡುತ್ತಾನೆ. ಮೊಬೈಲಿನಲ್ಲಿ ಮುಸಫ್ಫಾ, ಇಸ್ಲಾಮಿಕ್ಲಿ ತರದ ಆ್ಯಪ್‌ಗಳಿವೆ. ಶೇರಿನ ಹೆಸರು ಹಾಕಿದರೆ ಹಲಾಲ್ ಹೌದೋ ಅಲ್ಲವೋ ಹೇಳುತ್ತವೆ. ಬ್ಯಾಂಕು, ಮದ್ಯ, ಸಿಗರೇಟು ಬಾಗಿಲಲ್ಲೇ ಹೊರಗೆ. ಉಳಿದವಕ್ಕೆ ಲೆಕ್ಕ: ಬಹರೈನಿನ ಅಯೋಫಿ ಸಂಸ್ಥೆಯ ಮಾನದಂಡದಂತೆ ಬಡ್ಡಿಸಾಲ ಕಂಪನಿಯ ಮಾರುಕಟ್ಟೆ ಮೌಲ್ಯದ ಶೇ. 30ನ್ನು ಮೀರಬಾರದು, ನಿಷಿದ್ಧ ಆದಾಯ ಶೇ. 5ನ್ನು ದಾಟಬಾರದು. ಇಲ್ಲೊಂದು ತಮಾಷೆಯಿದೆ. ಪೇಟೆ ಬಿದ್ದರೆ ಮಾರುಕಟ್ಟೆ ಮೌಲ್ಯ ಕುಗ್ಗುತ್ತದೆ, ಸಾಲ ಇದ್ದಷ್ಟೇ ಇರುತ್ತದೆ. ಹೊಸದಾಗಿ ಒಂದು ರೂಪಾಯಿ ಸಾಲ ಮಾಡದ ಕಂಪನಿಯೂ ಶೇ. 31ಕ್ಕೆ ಏರಿ ಮೈಲಿಗೆಯಾಗುತ್ತದೆ. ದುಡ್ಡೂ ಹೋಯಿತು, ಹಲಾಲೂ ಹೋಯಿತು. ಒಟ್ಟು ಆಸ್ತಿಯಿಂದ ಭಾಗಿಸುವ ಇನ್ನೊಂದು ಲೆಕ್ಕದಲ್ಲಿ ಅದೇ ಕಂಪನಿ ಪಾಸಾಗಲೂಬಹುದು. ಇನ್ನು ಡಿವಿಡೆಂಡ್ ಬಂತೆನ್ನಿ, ಅದರಲ್ಲಿ ಬೆರೆತ ನಾಲ್ಕು ರೂಪಾಯಿ ಚಿಲ್ಲರೆಯ ಬಡ್ಡಿಯನ್ನು ಹೆಕ್ಕಿ ಯಾರಿಗಾದರೂ ಕೊಡಬೇಕು. ಕೊಟ್ಟದ್ದನ್ನು ಪುಣ್ಯದ ಖಾತೆಗೆ ಬರೆದುಕೊಳ್ಳುವಂತೆಯೂ ಇಲ್ಲ.

ಇವನನ್ನು ನೋಡಿ ನಗುವವರು ಎರಡೂ ಕಡೆ ಇದ್ದಾರೆ. ಟೀಮಿನವರಿಗೆ ಇದು ಮಡಿವಂತಿಕೆಯ ಡಿಜಿಟಲ್ ಅವತಾರ. ಮನೆಯಲ್ಲಿ ಚಾಚಾ, “ಬೇಟಾ, ಶೇರೆಲ್ಲ ಜೂಜು, ಸೈಟ್ ತಗೋ” ಎನ್ನುತ್ತಾರೆ. ಆದರೆ ಹುಡುಗನ ಮಡಿ ಬರೀ ಧರ್ಮದಿಂದ ಬಂದದ್ದಲ್ಲ, ಶಿವಾಜಿನಗರದಿಂದಲೂ ಬಂದದ್ದು. 2019ರ ಜೂನ್‌ನಲ್ಲಿ ಅಲ್ಲಿನ ‘ಹಲಾಲ್’ ಹೂಡಿಕೆ ಕಂಪನಿ ಐಎಂಎ ಬಾಗಿಲು ಹಾಕಿ, ಅದರ ಒಡೆಯ ಮನ್ಸೂರ್ ಖಾನ್ ದುಬೈಗೆ ಹಾರಿದಾಗ ಸಾವಿರಾರು ಕುಟುಂಬಗಳ ಗಂಟು ಮುಳುಗಿತು. ಬಡ್ಡಿಯಲ್ಲ, ಲಾಭದ ಪಾಲು ಎಂದೇ ಅಲ್ಲಿ ತಿಂಗಳು ತಿಂಗಳು ದುಡ್ಡು ಕೊಡುತ್ತಿದ್ದದ್ದು. ಹಿರಿಯರೂ ‘ಹಲಾಲಾ?’ ಎಂದೇ ಕೇಳಿದ್ದರು. ಕೇಳಿದ್ದು ದುಡ್ಡು ಕಟ್ಟಿಸಿಕೊಳ್ಳುವವರನ್ನೇ. ಹುಡುಗ ಅದೇ ಪ್ರಶ್ನೆಯನ್ನು ಬ್ಯಾಲೆನ್ಸ್ ಶೀಟಿಗೆ ಕೇಳುತ್ತಾನೆ. ಗಡ್ಡ ನೋಡಿ ನಂಬುವುದನ್ನು ಬಿಟ್ಟು ಸಾಲ ನೋಡಿ ನಂಬುವ ಹಂತಕ್ಕೆ ಒಂದೇ ತಲೆಮಾರಿನಲ್ಲಿ ಬಂದದ್ದನ್ನು ಮೂಢನಂಬಿಕೆ ಎನ್ನುವುದು ಹೇಗೆ?

ಇಷ್ಟೆಲ್ಲ ಸೋಸಿದರೆ ಲಾಭ ಕೈತಪ್ಪದೇ ಎಂದರೆ, ತಪ್ಪುತ್ತದೆ. ನಿಫ್ಟಿಯಲ್ಲಿ ಅತಿ ಹೆಚ್ಚು ತೂಕ ಹಣಕಾಸು ಕಂಪನಿಗಳದ್ದೇ. ಬ್ಯಾಂಕುಗಳು ಓಡಿದ ವರ್ಷ ಇವನು ನಿಂತು ನೋಡಬೇಕು. ಆದರೆ ಫ್ಯೂಚರ್ಸ್, ಆಪ್ಷನ್ಸ್ ಕೂಡ ಇವನಿಗೆ ನಿಷಿದ್ಧ. ಆ ಕಣದಲ್ಲಿ ಮೂರು ವರ್ಷಗಳ ಅವಧಿಯಲ್ಲಿ ಆಡಿದ ಬಿಡಿ ಹೂಡಿಕೆದಾರರಲ್ಲಿ ಶೇ. 93 ಮಂದಿ ಕಳೆದುಕೊಂಡಿದ್ದಾರೆಂದು ಸೆಬಿ 2024ರಲ್ಲಿ ಲೆಕ್ಕ ಕೊಟ್ಟಿತು. ನಕ್ಕ ಟೀಮಿನ ಕೆಲವರು ಆ 93ರೊಳಗೇ ಇರಬೇಕು. ಈಚೆಗೆ ನಗು ಕಡಿಮೆಯಾಗಿದೆ.

ನನ್ನ ತಕರಾರು ಬೇರೆ. ಹಸಿರು ಟಿಕ್ ಬಿದ್ದ ಮೇಲೆ ಹುಡುಗ ಇನ್ನೇನನ್ನೂ ಕೇಳುವುದಿಲ್ಲ. ಶೇರು ದುಬಾರಿಯೇ, ಎಲ್ಲ ಒಂದೇ ಕಡೆ ಸುರಿದೆನೇ ಎಂಬುದು ಅವನ ತಲೆಗೆ ಬಾರದು. ಸಾಲವಿಲ್ಲದ ಕಂಪನಿ ಹುಡುಕಿದರೆ ಮೊದಲು ಸಿಗುವುದು ಐಟಿಯವು. ಹಾಗಾಗಿ ಪಟ್ಟಿ ತುಂಬ ಇನ್ಫೊಸಿಸ್, ಟಿಸಿಎಸ್. ಸಂಬಳವೂ ಐಟಿಯದು, ಉಳಿತಾಯವೂ ಐಟಿಯದು. ಅಮೆರಿಕದ ಗಿರಾಕಿ ಕೈ ಬಿಗಿಹಿಡಿದರೆ ಎರಡೂ ಒಟ್ಟಿಗೇ ಅಲುಗುತ್ತವೆ, ಅದಕ್ಕೆ ಯಾವ ಆ್ಯಪೂ ಕೆಂಪು ಗುರುತು ತೋರಿಸುವುದಿಲ್ಲ. ಅಂದಹಾಗೆ, ಆ ಗಿರಾಕಿ ಬಹಳ ಸಲ ಒಂದು ಬ್ಯಾಂಕೇ ಆಗಿರುತ್ತದೆ, ಹುಡುಗ ಹಗಲಿಡೀ ಬರೆಯುವ ಕೋಡು ಅದರ ಬಡ್ಡಿ ಲೆಕ್ಕದ್ದು. ಅದನ್ನು ಯಾವ ಆ್ಯಪಿಗೂ ಹಾಕಿ ನೋಡುವ ಧೈರ್ಯ ಅವನಿಗಿನ್ನೂ ಬಂದಿಲ್ಲ.