ಕುಲುಮೆಗೊಂದು ಅಗ್ಗದ ಬಡ್ತಿ

ಕಬ್ಬಿನ ಹಂಗಾಮು ಬಂತೆಂದರೆ ಮುಧೋಳ, ಜಮಖಂಡಿ ಕಡೆ ಕಂಬಾರರಿಗೆ ಪುರುಸೊತ್ತಿಲ್ಲ. ಅದನ್ನು ನೋಡಿ ನೋಡಿ ನಮ್ಮ ಓಣಿಯ ಹುಡುಗನಿಗೂ ಚಾಕು ಮಾಡುವ ಹುಚ್ಚು ಹಿಡಿಯಿತು. ಬಂದವನೇ ಬೆಲ್ಟ್ ಗ್ರೈಂಡರ್ ಬೇಕೆಂದ. ಅವನಪ್ಪ, ‘ಮೊದ್ಲ ನಿಮ್ಮವ್ವನ ಈಳಿಗಿ ಮಸದು ತೋರ್ಸೋ’ ಅಂದರು.

ನನ್ನ ಮತ ಅಪ್ಪನಿಗೇ. ಗುಜರಿಯಲ್ಲಿ ತೂಕಕ್ಕೆ ಸಿಗುವ ಲಾರಿಯ ಕಮಾನು ಪಟ್ಟಿಯಲ್ಲಿ ಒಳ್ಳೆಯ ಉಕ್ಕಿದೆ. ತಿದಿ ಒತ್ತಿ ತೋಳು ಸೋತರೆ ಕೈಯಿಂದ ತಿರುಗಿಸುವ ಬ್ಲೋವರ್ ಕೊಳ್ಳಲಿ. ಆಮೇಲೆ ಗಟ್ಟಿ ವೈಸು, ಹೊಸ ಅರ, ಕಣ್ಣಿಗೊಂದು ಕನ್ನಡಕ. ಎಲ್ಲಕ್ಕಿಂತ ಅಗ್ಗದ್ದು ಕೆಟ್ಟ ಸ್ಪೀಕರಿನ ಅಯಸ್ಕಾಂತ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಉಕ್ಕು ಅದಕ್ಕೆ ಅಂಟುವುದಿಲ್ಲ. ಇನ್ನಷ್ಟು ಕೆಂಪಾಗಿಸಿ ಎಣ್ಣೆಗೆ ಅದ್ದಬೇಕು. ನೀರಿಗೆ ಅದ್ದಿದರೆ ಬಿರುಕು ಬಿಟ್ಟೀತು. (ಅವ್ವನ ಕುಸುಬಿ ಎಣ್ಣೆ ಡಬ್ಬಿಗೆ ಬೀಗ ಬಿದ್ದದ್ದು ಹೀಗೆ.) ನಂತರ 200 ಡಿಗ್ರಿಯ ಆಸುಪಾಸಿನಲ್ಲಿ ಹದ ಮಾಡಲು ಅಕ್ಕನ ಕೇಕಿನ ಓವನ್ ಸಾಕು, ಅಕ್ಕ ಊರಲ್ಲಿಲ್ಲದಾಗ.

ರಬಕವಿ-ಬನಹಟ್ಟಿಯವರಿಗೆ ಇನ್ನೊಂದು ಪುಕ್ಕಟೆ ಸೌಲಭ್ಯ: ವಿದ್ಯುತ್ ಮಗ್ಗಗಳ ಖಟಖಟದಲ್ಲಿ ಸುತ್ತಿಗೆಯ ಸದ್ದು ನೆರೆಯವರಿಗೆ ತಿಳಿಯುವುದೇ ಇಲ್ಲ. ಬೀಳಗಿಯವರು ಮಾತ್ರ ಮೊದಲ ಚಾಕುವನ್ನು ಪಕ್ಕದ ಮನೆಯವರಿಗೇ ಕೊಟ್ಟುಬಿಡುವುದು ಒಳಿತು.